ಅಜ್ಜಿಯ ಉರುಳಿಗೆ ಅಕ್ಕಿ ಎಲ್ಲಿಂದ ಬರುತ್ತದೆ?

ಪ್ರಶ್ನೆ: ಮಾಷ್ಟ್ರೇ, ನಾನು ಕಾಸರಗೋಡಿನ ಬದಿಯಡ್ಕದ ಹತ್ತಿರದವಳು. ಒಂದು ವಿಜ್ಞಾನ ಕಾದಂಬರಿ ಬರೆಯುತ್ತಾ ಇದ್ದೇನೆ. ಅದರಲ್ಲಿ ಒಬ್ಬಳು ಹುಡುಗಿಗೆ ಅಜ್ಜಿಮನೆಯ ತೋಟದಲ್ಲಿ ನೀರಿಗೆಂದು ಗುಡ್ಡಕ್ಕೆ ತೋಡಿದ ಸುರಂಗದೊಳಗೆ ಮೂರು ಸಾಮಾನು ಸಿಗುತ್ತವೆ. ಎಷ್ಟು ಬಡಿಸಿದರೂ ಖಾಲಿಯಾಗದ ಕಂಚಿನ ಉರುಳಿ (ಅಗಲ ಬಾಯಿಯ ಅಡುಗೆ ಪಾತ್ರೆ), ಹಿಂದಿನ ಕಾಲವನ್ನು ತೋರಿಸುವ ಕನ್ನಡಿ, ತಲೆಗಿಟ್ಟರೆ ಯಾರಿಗೂ ಕಾಣದ ಹಾಗೆ ಮಾಡುವ ಮುಟ್ಟಾಳೆ, ಅಂದರೆ ಅಡಿಕೆ ಹಾಳೆಯ ಟೋಪಿ. ಮೂರಕ್ಕೂ ವಿಜ್ಞಾನದ ಕಾರಣ ಕೊಡಬೇಕು ಅಂತ ಆಸೆ. ನಾನು ಓದಿದ್ದು ಬಿ.ಕಾಂ. ನ್ಯಾನೋ, ಕ್ವಾಂಟಮ್ ಅಂತೆಲ್ಲ ಸೇರಿಸಿ ಎರಡು ಪುಟ ಬರೆದೆ. ಓದಿದ ಗೆಳತಿ "ಇದು ಮಂತ್ರ ಹೇಳಿದ ಹಾಗೇ ಇದೆ" ಅಂದಳು. ಭೂತಕೋಲದಲ್ಲಿ ಕಾಲಿಗೆ ಕಟ್ಟುವ ಗಗ್ಗರವನ್ನೂ ಕತೆಗೆ ತರಬೇಕು ಅಂತಿದ್ದೇನೆ. ಇನ್ನೊಂದು ಸಂಶಯ: ಇದರ ವಿಜ್ಞಾನ ಎಲ್ಲ ಅಜ್ಜಿಗೆ ಗೊತ್ತಿರಬೇಕಾ?

ಉತ್ತರ: ನಿಮ್ಮ ಗೆಳತಿ ಸರಿಯಾದ ಜಾಗಕ್ಕೇ ಬೆರಳಿಟ್ಟಿದ್ದಾರೆ. ಕ್ವಾಂಟಮ್ ಅಂತ ಬರೆದ ಮಾತ್ರಕ್ಕೆ ಉರುಳಿ ವಿಜ್ಞಾನದ ವಸ್ತು ಆಗುವುದಿಲ್ಲ. ಅದಕ್ಕೆ ಏನು ಬೇಕು, ಎಷ್ಟು ಬೇಕು, ಯಾವಾಗ ಕೈಕೊಡುತ್ತದೆ ಅಂತ ಹೇಳಿದಾಗ ಆಗುತ್ತದೆ. ಪ್ರತಿ ವಸ್ತುವಿಗೆ ಒಂದೇ ಒಂದು ಸುಳ್ಳು ಹೇಳಲು ನಿಮಗೆ ಅಧಿಕಾರ ಇದೆ. ಆಮೇಲಿನ ಲೆಕ್ಕ ಎಲ್ಲ ನಿಜವಾಗಿರಬೇಕು. ನಾನು ಇಷ್ಟು ವರ್ಷ ಭೌತಶಾಸ್ತ್ರ ಕಲಿಸಿದವನು. ಅದಕ್ಕೇ ಲೆಕ್ಕದಿಂದಲೇ ಶುರು ಮಾಡುತ್ತೇನೆ, ಬೇಜಾರು ಮಾಡಬೇಡಿ.

ಮೊದಲು ಉರುಳಿ. ಇದರಲ್ಲಿ ಕತೆಗೆ ಸಿಗುವುದು ಬಹಳ ಇದೆ.

ಹೆಚ್ಚಿನವರು ಹಿಡಿಯುವ ದಾರಿ ಒಂದಿದೆ. ಶಕ್ತಿಯನ್ನೇ ಅಕ್ಕಿ ಮಾಡುವುದು. ಐನ್‌ಸ್ಟೈನ್ 1905ರಲ್ಲಿ ಕೊಟ್ಟ ಸೂತ್ರ ಶಾಲೆಯಲ್ಲಿ ಎಲ್ಲರೂ ಕೇಳಿದ್ದೇ. ಅದರ ಪ್ರಕಾರ 1 ಕಿಲೋ ಅಕ್ಕಿಗೆ ಬೇಕಾಗುವ ಶಕ್ತಿ 2500 ಕೋಟಿ ಯೂನಿಟ್ ಕರೆಂಟಿಗೆ ಸಮ. ತಿಂಗಳಿಗೆ 100 ಯೂನಿಟ್ ಉರಿಸುವ 2 ಕೋಟಿ ಮನೆಗಳಿಗೆ ಒಂದು ವರ್ಷ ಸಾಕಾಗುವಷ್ಟು. ಒಂದು ಕಿಲೋ ಅಕ್ಕಿಗೆ! ಅಷ್ಟು ಶಕ್ತಿ ಒಂದು ಉರುಳಿಯಲ್ಲಿದೆ ಅಂದರೆ ಅದು ಅಡುಗೆಮನೆಯ ಪಾತ್ರೆಯಲ್ಲ, ಬಾಂಬು. ಈ ದಾರಿ ಬಿಟ್ಟುಬಿಡಿ.

ಇನ್ನೊಂದು ದಾರಿ ನಿಮ್ಮ ಕಣ್ಣೆದುರಿಗೇ ಇದೆ. ಭತ್ತದ ಗದ್ದೆ ಮಾಡುವುದಾದರೂ ಏನು? ಗಾಳಿಯಿಂದ ಇಂಗಾಲದ ಡೈ ಆಕ್ಸೈಡ್, ಬೇರಿನಿಂದ ನೀರು, ಮೇಲಿನಿಂದ ಬಿಸಿಲು. ಮೂರನ್ನು ಸೇರಿಸಿ ಪಿಷ್ಟ, ಅಕ್ಕಿಯಲ್ಲಿ ಹೆಚ್ಚಿನ ಪಾಲು ಇರುವುದು ಅದೇ. ಅದೇ ಕೆಲಸವನ್ನು ನಿಮ್ಮ ಉರುಳಿಯ ಒಳಮೈ ಮಾಡಲಿ. ನಿಮಗೆ ಕೊಟ್ಟ ಒಂದು ಸುಳ್ಳು ಇದು. ತೀರಾ ದೊಡ್ಡ ಸುಳ್ಳೂ ಅಲ್ಲ. 2021ರಲ್ಲಿ ಚೀನಾದ ವಿಜ್ಞಾನಿಗಳು ಗಿಡದ ಸಹಾಯ ಇಲ್ಲದೆ, ಪ್ರಯೋಗಾಲಯದಲ್ಲೇ ಇಂಗಾಲದ ಡೈ ಆಕ್ಸೈಡಿನಿಂದ ಪಿಷ್ಟ ಮಾಡಿ ತೋರಿಸಿದ್ದಾರೆ.

ಈಗ ಲೆಕ್ಕ. 1 ಕಿಲೋ ಪಿಷ್ಟಕ್ಕೆ ಸುಮಾರು 1.6 ಕಿಲೋ ಇಂಗಾಲದ ಡೈ ಆಕ್ಸೈಡ್ ಬೇಕು. ಗಾಳಿಯಲ್ಲಿ ಅದು ಇರುವುದು ಹತ್ತು ಲಕ್ಷದಲ್ಲಿ 420 ಪಾಲು ಮಾತ್ರ. ಅಂದರೆ 2000 ಘನ ಮೀಟರಿಗಿಂತ ಜಾಸ್ತಿ ಗಾಳಿ ಆ ಉರುಳಿಯ ಮೂಲಕ ಹಾದು ಹೋಗಬೇಕು. ಒಂದು ದೊಡ್ಡ ಮದುವೆ ಹಾಲಿನೊಳಗೆ ಹಿಡಿಯುವಷ್ಟು ಗಾಳಿ. ಹತ್ತು ನಿಮಿಷದಲ್ಲಿ ಒಂದು ಕಿಲೋ ಬೇಕು ಅಂತ ನೀವು ಬರೆದರೆ ಉರುಳಿಯ ಬಾಯಲ್ಲಿ ಗಂಟೆಗೆ 60 ಕಿಲೋಮೀಟರ್ ವೇಗದ ಗಾಳಿ ಬೀಸುತ್ತದೆ. ಒಲೆ ಆರುತ್ತದೆ, ಬಾಳೆಲೆ ಹಾರುತ್ತದೆ. ಮೆಲ್ಲ, ಇಡೀ ಹಗಲು ತೆಗೆದುಕೊಳ್ಳಲಿ ಅಂದರೆ ಆ ಗಾಳಿ ಉಸಿರಿನಷ್ಟಾಗುತ್ತದೆ. ಹುಡುಗಿ ಉರುಳಿಯ ಬಾಯಿಯ ಹತ್ತಿರ ಹತ್ತಿಯ ಎಳೆ ಹಿಡಿದರೆ ಅದು ಒಳಕ್ಕೆ ಬಾಗುತ್ತದೆ. ಉರುಳಿ ಉಸಿರಾಡುತ್ತಿದೆ! ಈ ಒಂದು ದೃಶ್ಯ ನಿಮ್ಮ ಆ ಎರಡು ಪುಟಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ನೀರಿನ ಚಿಂತೆ ಬೇಡ. ನಮ್ಮ ಕಡೆಯ ಗಾಳಿಯಲ್ಲೇ ಬೇಕಾದಷ್ಟು ತೇವ ಇದೆ.

ಬಿಸಿಲಿನ ಲೆಕ್ಕ ಇನ್ನೂ ಮುಖ್ಯ. ನಡು ಮಧ್ಯಾಹ್ನ ಒಂದು ಚದರ ಮೀಟರಿಗೆ ಸುಮಾರು 1000 ವಾಟ್ ಬಿಸಿಲು ಬೀಳುತ್ತದೆ. ಅರ್ಧ ಮೀಟರ್ ಅಗಲದ ಉರುಳಿಗೆ ಸಿಗುವುದು 200 ವಾಟ್. ಒಳ್ಳೆಯ ಬಿಸಿಲು ಆರು ಗಂಟೆ ಸಿಕ್ಕಿತು ಅಂತ ಇಟ್ಟುಕೊಳ್ಳಿ, 1.2 ಯೂನಿಟ್ ಆಯಿತು. ಒಂದು ಕಿಲೋ ಪಿಷ್ಟದೊಳಗೆ ಇರುವ ಶಕ್ತಿ ಹತ್ತಿರ ಹತ್ತಿರ 5 ಯೂನಿಟ್. ಸ್ವಲ್ಪವೂ ಪೋಲಾಗದೆ ಇದ್ದರೂ ದಿನಕ್ಕೆ ಕಾಲು ಕಿಲೋ ಸಿಗುತ್ತದೆ, ಅಷ್ಟೇ. ಅದು ಒಂದು ಹೊತ್ತಿಗೆ ಇಬ್ಬರಿಗೆ ಸಾಕು. ಗಂಜಿ ನೀರು ಮಾಡಿಕೊಂಡರೆ ಮೂರು ಜನಕ್ಕೆ.

"ಅಯ್ಯೋ, ಊರಿಗೆಲ್ಲ ಊಟ ಹಾಕಬೇಕಿತ್ತು" ಅಂತ ನಿಮಗೆ ಅನಿಸಬಹುದು. ಅಕ್ಷಯಪಾತ್ರೆಯ ಕತೆಯನ್ನೇ ನೆನಪು ಮಾಡಿಕೊಳ್ಳಿ. ತಾಳಮದ್ದಳೆಯಲ್ಲಿ ಎಷ್ಟು ಸಲ ಕೇಳಿಲ್ಲ! ಆ ಪಾತ್ರೆ ಕೊಟ್ಟವನು ಯಾರು? ಸೂರ್ಯ. ಷರತ್ತು ಏನು? ದ್ರೌಪದಿ ಉಂಡ ಮೇಲೆ ಆ ದಿನಕ್ಕೆ ಮುಗಿಯಿತು. ಅವಳು ಉಂಡ ಮೇಲೆಯೇ ದೂರ್ವಾಸ ಶಿಷ್ಯರನ್ನು ಕಟ್ಟಿಕೊಂಡು ಬರುವುದು. ಆ ಷರತ್ತು ಇಲ್ಲದಿದ್ದರೆ ದೂರ್ವಾಸ ಬಂದ, ಉಂಡ, ಹೋದ. ಕೃಷ್ಣ ಬಂದು ಪಾತ್ರೆಗೆ ಅಂಟಿದ ಸೊಪ್ಪಿನ ಚೂರು ಹುಡುಕುವ ಪ್ರಮೇಯವೇ ಇರುತ್ತಿರಲಿಲ್ಲ.

ನಿಮ್ಮ ಉರುಳಿಗೂ ಹಾಗೇ ಒಂದು ಷರತ್ತು ತನ್ನಿಂದ ತಾನೇ ಬಂದಿದೆ, ನೋಡಿದಿರಾ? ಅದು ಬಿಸಿಲನ್ನು ನಂಬಿದ ಪಾತ್ರೆ. ಕಾಸರಗೋಡಿನಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಜೂನ್, ಜುಲೈಯಲ್ಲಿ ವಾರಗಟ್ಟಲೆ ಸೂರ್ಯನ ಮುಖ ಕಾಣುವುದಿಲ್ಲ. ದಟ್ಟ ಮೋಡ ಕವಿದ ದಿನ ಬಿಸಿಲಿನ ಶಕ್ತಿ ಐದರಲ್ಲೊಂದು ಪಾಲಿಗಿಂತಲೂ ಕೆಳಗೆ ಇಳಿಯಬಹುದು. ಕಾಲು ಕಿಲೋ ಇದ್ದದ್ದು ಒಂದು ಮುಷ್ಟಿ ಆಗುತ್ತದೆ. ಅದು ಯಾವ ತಿಂಗಳು? ಆಟಿ, ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ತುಳು ತಿಂಗಳು. ಕಣಜದ ಅಕ್ಕಿ ಮುಗಿದು ಕೆಸು, ಕಣಿಲೆ (ಎಳೆ ಬಿದಿರು), ಹಲಸಿನ ಬೀಜದಲ್ಲಿ ಹೊಟ್ಟೆ ಹೊರೆಯುತ್ತಿದ್ದ ತಿಂಗಳು. ಬಿಸಿಲಿನ ತಿಂಗಳೆಲ್ಲ ಮನೆಯವರನ್ನು ಸಾಕಿದ ಉರುಳಿ, ನಿಜವಾಗಿ ಹಸಿವಾಗುವ ತಿಂಗಳಲ್ಲೇ ಕೈಬಿಡುತ್ತದೆ. ಇದನ್ನು ನಾನು ಕತೆಗೋಸ್ಕರ ಹುಟ್ಟಿಸಿಕೊಂಡು ಹೇಳಿದ್ದಲ್ಲ. ಲೆಕ್ಕ ಮಾಡಿದಾಗ ಬಂದದ್ದು. ನಿಮ್ಮ ಕಾದಂಬರಿಯ ನಡುಭಾಗ ಇಲ್ಲೇ ಇದೆ ಅಂತ ನನ್ನ ಅಭಿಪ್ರಾಯ.

ಸುರಂಗವನ್ನೂ ಬಿಡಬೇಡಿ. ಪೆರ್ಲದ ಕಡೆಯ ಒಂದು ತೋಟದಲ್ಲಿ ನಾನು ಒಮ್ಮೆ ಸುರಂಗದೊಳಗೆ ಹೋಗಿದ್ದೆ. ಒಬ್ಬರು ನಡೆಯುವಷ್ಟೇ ಅಗಲ. ಎರಡೂ ಭುಜ ಗೋಡೆಯ ಮುರಕಲ್ಲಿಗೆ (ನಮ್ಮ ಕಡೆಯ ಕೆಂಪು ಕಲ್ಲು) ತಾಗುತ್ತಿತ್ತು, ಕಾಲಡಿಯಲ್ಲಿ ತಣ್ಣನೆ ನೀರು. ಮುಂದೆ ಹೋಗುತ್ತಿದ್ದವರ ಕೈಯಲ್ಲಿ ಮೇಣದ ಬತ್ತಿ. ಬೆಳಕಿಗೆ ಮಾತ್ರ ಅಲ್ಲ. ಒಳಗೆ ಹೋದ ಹಾಗೆ ಜ್ವಾಲೆ ಸಣ್ಣದಾಯಿತು, ಹಳದಿ ಮಂಕಾಯಿತು. "ಇನ್ನು ಸಾಕು, ತಿರುಗಿ" ಅಂದರು. ಆಮ್ಲಜನಕ ಕಡಿಮೆ ಆಗಿದೆ ಅಂತ ಅದರ ಅರ್ಥ. ಈಗ ನಿಮ್ಮ ಹುಡುಗಿಯನ್ನು ಅದೇ ಜಾಗದಲ್ಲಿ ನಿಲ್ಲಿಸಿ. ಕೈಯಲ್ಲಿ ಬತ್ತಿ, ಕಂಕುಳಲ್ಲಿ ಉರುಳಿ. ಪಿಷ್ಟ ಮಾಡುವ ವಸ್ತು ಆಮ್ಲಜನಕವನ್ನು ಹೊರಗೆ ಬಿಡಲೇಬೇಕು. 1 ಕಿಲೋ ಪಿಷ್ಟಕ್ಕೆ 1 ಕಿಲೋಗಿಂತ ಸ್ವಲ್ಪ ಜಾಸ್ತಿಯೇ. ಹಗಲಿನ ಬಿಸಿಲು ಸ್ವಲ್ಪ ಅದರಲ್ಲಿ ಉಳಿದಿದ್ದರೆ ಆರಬೇಕಾದ ಜ್ವಾಲೆ ನೆಟ್ಟಗೆ ನಿಲ್ಲುತ್ತದೆ. ಉರುಳಿ ಏನು ಮಾಡುತ್ತಿದೆ ಅಂತ ಅವಳಿಗೆ ಹೊಳೆಯುವುದು ಆಗ. ಯಾರೂ ಭಾಷಣ ಮಾಡಬೇಕಾಗಿಲ್ಲ.

ಒಂದು ಎಚ್ಚರಿಕೆ. ಉರುಳಿಯಿಂದ ಬರೀ ಪಿಷ್ಟ ಬರಲಿ. ಉಪ್ಪು, ಬೇಳೆ, ಸಾರು ಯಾವುದೂ ಬೇಡ. ಬೇಳೆಯ ಸಾರಜನಕಕ್ಕೆ ಇನ್ನೊಂದು ಸುಳ್ಳು ಹೇಳಬೇಕಾಗುತ್ತದೆ.

ಇನ್ನು ಕನ್ನಡಿ. ಹಿಂದಿನ ಕಾಲ ಕಾಣಬೇಕಾದರೆ ಅಂದಿನ ಬೆಳಕು ಎಲ್ಲೋ ನಿಂತಿರಬೇಕು. 1999ರಲ್ಲಿ ಲೆನೆ ಹೌ ಎಂಬ ವಿಜ್ಞಾನಿಯ ತಂಡ ಬೆಳಕಿನ ವೇಗವನ್ನು ಸೆಕೆಂಡಿಗೆ 17 ಮೀಟರಿಗೆ ಇಳಿಸಿತ್ತು, ನಮ್ಮ ಬಸ್ಸಿನ ವೇಗಕ್ಕೆ. ಆದರೆ ಅದು ಆದದ್ದು ಒಂದು ಮಿಲಿಮೀಟರಿಗಿಂತ ಸಣ್ಣ, ಊಹಿಸಲಾಗದಷ್ಟು ತಣ್ಣಗಿನ ಸೋಡಿಯಂ ಪರಮಾಣುಗಳ ಮೋಡದಲ್ಲಿ. ಸುರಂಗದ ಮೂಲೆಯಲ್ಲಿ ಇಟ್ಟ ಕನ್ನಡಿಗೆ ಅದು ಹೊಂದುವುದಿಲ್ಲ. ಬೆಳಕನ್ನು ವರ್ಷಗಟ್ಟಲೆ ಹಿಡಿದಿಡುವ ಗಾಜಿನ ಕಲ್ಪನೆ ಇಂಗ್ಲಿಷ್ ಕತೆಗಳಲ್ಲಿ ಆಗಲೇ ಬಂದೂ ಹೋಗಿದೆ.

ನನಗೆ ತೋಚುವುದು ಬೇರೆ. ಕನ್ನಡಿ ಹಿಂದಿನ ಕಾಲವನ್ನು ತೋರಿಸಬೇಕು ಅಂತಿಲ್ಲ. ಹಿಂದಿನವರು ಬಚ್ಚಿಟ್ಟದ್ದನ್ನು ತೋರಿಸಿದರೆ ಸಾಕಲ್ವಾ? ಅದಕ್ಕೆ ಸುಳ್ಳೇ ಬೇಡ.

ಆರನ್ಮುಳ ಕನ್ನಡಿ ನೋಡಿರಬಹುದು. ಗಾಜಲ್ಲ, ಲೋಹ. ತಾಮ್ರ, ತವರದ ಮಿಶ್ರಣ. ಅದರಲ್ಲಿ ತವರವೇ ಸುಮಾರು ಮೂರನೇ ಒಂದು ಪಾಲು. ಮನೆಯ ಕನ್ನಡಿಗೆ ಬೆರಳ ತುದಿ ತಾಗಿಸಿ ನೋಡಿ. ಬೆರಳಿಗೂ ಬಿಂಬಕ್ಕೂ ನಡುವೆ ಸಣ್ಣ ಸಂದು ಕಾಣುತ್ತದೆ. ಬಿಂಬ ಮೂಡುವುದು ಗಾಜಿನ ಹಿಂದಿನ ಲೇಪದಲ್ಲಿ. ಆರನ್ಮುಳ ಕನ್ನಡಿಯಲ್ಲಿ ಆ ಸಂದು ಇಲ್ಲ, ಬೆರಳು ಬೆರಳನ್ನೇ ಮುಟ್ಟುತ್ತದೆ. ಲೋಹವಾದರೂ ಕೆಳಗೆ ಬಿದ್ದರೆ ಗಾಜಿನ ಹಾಗೆ ಒಡೆಯುತ್ತದೆ, ಇದೂ ನಿಮಗೆ ಉಪಯೋಗಕ್ಕೆ ಬಂದೀತು.

ಈಗ ಚೀನಾ, ಜಪಾನಿನ ಒಂದು ಹಳೆಯ ಕೈಚಳಕ ಕೇಳಿ. ಅಲ್ಲಿನ ಕಂಚಿನ ಕನ್ನಡಿಯ ಹಿಂಬದಿಯಲ್ಲಿ ಚಿತ್ರ ಎರಕ ಹೊಯ್ದಿರುತ್ತಾರೆ. ಮುಂಬದಿ ನುಣುಪು, ನೋಡಿದರೆ ನಮ್ಮ ಮುಖ ಮಾತ್ರ. ಬಿಸಿಲಿಗೆ ಹಿಡಿದು ಬೆಳಕನ್ನು ಗೋಡೆಗೆ ಬೀಳಿಸಿದರೆ, ಆ ಬೆಳಕಿನೊಳಗೆ ಹಿಂಬದಿಯ ಚಿತ್ರ ಮೂಡುತ್ತದೆ! ಲೋಹದ ಮೂಲಕ ಬೆಳಕು ಹಾಯುವುದಿಲ್ಲ. ಉಜ್ಜಿ ಉಜ್ಜಿ ತೆಳ್ಳಗೆ ಮಾಡುವಾಗ ಚಿತ್ರ ಇರುವ ದಪ್ಪ ಜಾಗ ಒಂದು ಬಗೆಯಲ್ಲಿ, ತೆಳು ಜಾಗ ಇನ್ನೊಂದು ಬಗೆಯಲ್ಲಿ ಉಬ್ಬುತ್ತದೆ. ಆ ಏರುತಗ್ಗು ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ. ಕಣ್ಣಿಗೂ ಬೆರಳಿಗೂ ಸಿಗುವುದಿಲ್ಲ, ಬಿಸಿಲಿಗೆ ಮಾತ್ರ ಸಿಗುತ್ತದೆ. ಜಪಾನಿನಲ್ಲಿ ಕ್ರೈಸ್ತ ಧರ್ಮಕ್ಕೆ ನಿಷೇಧ ಇದ್ದ ಕಾಲದಲ್ಲಿ ಕೆಲವರು ಶಿಲುಬೆಯನ್ನು ಹೀಗೆ ಕನ್ನಡಿಯೊಳಗೆ ಅಡಗಿಸಿ ಇಟ್ಟುಕೊಂಡಿದ್ದರು.

ನಿಮ್ಮ ಸುರಂಗದ ಬಾಯಿ ಪೂರ್ವಕ್ಕೆ ಇರಲಿ. ಬೆಳಗಿನ ಬಿಸಿಲು ಕನ್ನಡಿಗೆ ಬಿದ್ದು, ಮೂರು ನಾಲ್ಕು ಮೀಟರ್ ಆಚೆಯ ಮುರಕಲ್ಲಿನ ಗೋಡೆಯಲ್ಲಿ ಅಜ್ಜಿಯ ಅಜ್ಜಿ ಬಿಟ್ಟುಹೋದ ಗೆರೆಗಳು ಮೂಡಲಿ. ಒರಟು ಗೋಡೆಗೆ ಒಂದು ಬಿಳಿ ಮುಂಡು ಹಿಡಿದರೆ ಇನ್ನೂ ಸ್ಪಷ್ಟ.

ಮುಟ್ಟಾಳೆಗೆ ಬಂದರೆ, ಬೆಳಕನ್ನು ಬಾಗಿಸುವ ಕತೆ ಬೇಡ. 2006ರಲ್ಲಿ ಅಮೆರಿಕದಲ್ಲಿ ಒಂದು ಸಣ್ಣ ತಾಮ್ರದ ಸಿಲಿಂಡರಿನ ಸುತ್ತ ಮೈಕ್ರೋವೇವ್ ಅಲೆಗಳನ್ನು ಬಾಗಿಸಿ ಸಾಗಿಸಿದ್ದರು, ನಿಜ. ಆದರೆ ಬೆಳಕೆಲ್ಲ ಪಕ್ಕದಿಂದ ಹೋದರೆ ಒಳಗಿದ್ದವರ ಕಣ್ಣಿಗೆ ಏನು ಬಿತ್ತು? ಹುಡುಗಿ ಯಾರಿಗೂ ಕಾಣುವುದಿಲ್ಲ, ಅವಳಿಗೂ ಏನೂ ಕಾಣುವುದಿಲ್ಲ. ಮುಟ್ಟಾಳೆ ಮುಚ್ಚುವುದು ತಲೆ ಮಾತ್ರ, ಅದೂ ಒಂದು ತೊಂದರೆ. ಅದರ ಬದಲು ನೋಡುವವರ ಗಮನವನ್ನು ತಪ್ಪಿಸಲಿ. 1999ರಲ್ಲಿ ವರದಿಯಾದ ಒಂದು ಪ್ರಯೋಗದಲ್ಲಿ, ವಿಡಿಯೋದಲ್ಲಿ ಚೆಂಡು ಎಷ್ಟು ಸಲ ಕೈ ಬದಲಾಯಿತು ಅಂತ ಎಣಿಸುತ್ತಿದ್ದವರ ನಡುವೆ ಸುಮಾರು ಅರ್ಧ ಜನಕ್ಕೆ, ಎದುರಿನಲ್ಲೇ ನಡೆದು ಹೋದ ಗೊರಿಲ್ಲಾ ವೇಷ ಕಾಣಲೇ ಇಲ್ಲ. ನಿಮ್ಮ ಮುಟ್ಟಾಳೆ ಅಂಥದ್ದು. ಜಾತ್ರೆಯ ಗದ್ದಲದಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ಖಾಲಿ ಅಂಗಳದಲ್ಲಿ ಇಲ್ಲ. ಸಿಸಿಟಿವಿಯಲ್ಲಿ ಅವಳು ಕಾಣುತ್ತಾಳೆ. ನಾಯಿ ಬೊಗಳುತ್ತದೆ.

ಗಗ್ಗರದ ವಿಷಯದಲ್ಲಿ ನನ್ನ ಮಾತು ಬೇರೆ. ಅದನ್ನು ಕತೆಗೆ ತನ್ನಿ, ಆದರೆ ಅದಕ್ಕೆ ಕಾರಣ ಕೊಡಲು ಹೋಗಬೇಡಿ. ಉರುಳಿ, ಕನ್ನಡಿ, ಮುಟ್ಟಾಳೆ ನೀವು ಹುಟ್ಟಿಸಿದ ವಸ್ತುಗಳು. ಗಗ್ಗರ ಹಾಗಲ್ಲ. ಅದನ್ನು ಕಟ್ಟಿಕೊಳ್ಳುವವರು ಇದ್ದಾರೆ, ಅದರ ಸದ್ದಿಗೆ ಎದ್ದು ನಿಂತು ಕೈಮುಗಿಯುವವರು ಇದ್ದಾರೆ. ಹುಡುಗಿ ಆ ಸದ್ದು ಕೇಳಲಿ, ಅವಳ ಮೈ ಜುಮ್ಮೆನ್ನಲಿ. ಅಷ್ಟಕ್ಕೇ ಬಿಡಿ.

ಕೊನೆಯ ಸಂಶಯ, ಅಜ್ಜಿಗೆ ಎಷ್ಟು ಗೊತ್ತಿರಬೇಕು? ಸುರಂಗ ತೋಡುವವರನ್ನೇ ನೋಡಿ. ಗುಡ್ಡದ ಮುರಕಲ್ಲು ಮಳೆನೀರು ಕುಡಿಯುತ್ತದೆ, ಸುರಂಗದ ನೆಲ ಬಾಯಿಯ ಕಡೆಗೆ ಸ್ವಲ್ಪ ಇಳಿಜಾರಾಗಿದ್ದರೆ ಪಂಪಿಲ್ಲದೆ ನೀರು ತಾನಾಗಿ ಹೊರಗೆ ಬರುತ್ತದೆ. ಅವರು ಭೂವಿಜ್ಞಾನ ಓದಿದವರಲ್ಲ. ಎಲ್ಲಿ ಅಗೆಯಬೇಕು, ಬತ್ತಿ ಮಂಕಾದಾಗ ಏನು ಮಾಡಬೇಕು ಅಂತ ಚೆನ್ನಾಗಿ ಗೊತ್ತಿತ್ತು. ನಿಮ್ಮ ಅಜ್ಜಿಗೂ ಹಾಗೇ ಇರಲಿ. "ಮೋಡ ಇದ್ದ ದಿನ ಅದಕ್ಕೆ ಕೈ ಹಾಕಬೇಡ ಮಗಾ, ಅದೂ ಉಪವಾಸ ಇರುತ್ತದೆ" ಅಂತ ಹೇಳಿ, ಉರುಳಿಯನ್ನು ತೊಳೆದು ಕವುಚಿ ಇಡುವವರು. ಲೆಕ್ಕವನ್ನು ಮೊಮ್ಮಗಳು ಆಮೇಲೆ ಮಾಡಲಿ.