ಹಂಗೇರಿಯನ್ ಭಾಷೆಗೆ ನೆಂಟರು ಯಾರು?

ಪ್ರಶ್ನೆ: ಹಂಗೇರಿಯನ್ ಭಾಷೆಯಲ್ಲಿ ಕನ್ನಡದಂತೆಯೇ ಪದದ ಕೊನೆಗೆ ಪ್ರತ್ಯಯಗಳು ಒಂದರ ಹಿಂದೊಂದು ಸೇರುತ್ತವೆ ಎಂದು ಓದಿದೆ. ಅದರ ಮೂಲ ಯಾವುದು? ನಮ್ಮ ಭಾಷೆಗೂ ಅದಕ್ಕೂ ಸಂಬಂಧವುಂಟೆ?
– ಓದುಗರೊಬ್ಬರು, ಮಂಡ್ಯ

ಉತ್ತರ: ತಾವು ಓದಿರುವ ಹೋಲಿಕೆ ನಿಜವಾದದ್ದೇ. ಹಂಗೇರಿಯನ್ನಿನಲ್ಲಿ ‘ಹಾಜ಼್’ ಎಂದರೆ ಮನೆ, ‘ಹಾಜ಼ಕ್’ ಎಂದರೆ ಮನೆಗಳು, ‘ಹಾಜ಼ಕ್ಬನ್’ ಎಂದರೆ ಮನೆಗಳಲ್ಲಿ. ಆದರೆ ಹೀಗೆ ಪ್ರತ್ಯಯ ಜೋಡಿಸುವ ಕ್ರಮ ತುರ್ಕಿ, ಜಪಾನಿ ಭಾಷೆಗಳಲ್ಲಿಯೂ ಇರುವುದರಿಂದ, ಅದೊಂದನ್ನೇ ನೆಚ್ಚಿ ನೆಂಟಸ್ತನ ಹೇಳಲಾಗದು. ಅದಕ್ಕೆ ಬೇಕಾದ ಸಾಕ್ಷಿಯೆಂದರೆ ಮೂಲಪದಗಳಲ್ಲಿ ಕಾಣುವ, ನಿಯಮ ತಪ್ಪದ ಧ್ವನಿವ್ಯತ್ಯಾಸ.

ಈ ಮಾತು ನಮ್ಮ ಸೀಮೆಯವರಿಗೆ ಸುಲಭವಾಗಿ ತಿಳಿಯುತ್ತದೆ. ಶಾಸನಗಳಲ್ಲಿ ಪೊಯ್ಸಳರೆಂದಿದ್ದವರೇ ಮುಂದೆ ಹೊಯ್ಸಳರಾದರು. ಹಳಗನ್ನಡದ ‘ಪುಲಿ’ ಇಂದು ಹುಲಿಯಾಗಿದೆ, ತಮಿಳಿನಲ್ಲಿ ಮಾತ್ರ ಪುಲಿಯಾಗಿಯೇ ಉಳಿದಿದೆ. ಫಿನ್ಲೆಂಡಿನ ಭಾಷೆಯಾದ ಫಿನ್ನಿಶ್ ಮತ್ತು ಹಂಗೇರಿಯನ್ ನಡುವೆಯೂ ಇಂಥದೇ ನಿಯಮಗಳಿವೆ. ಫಿನ್ನಿಶ್‌ನಲ್ಲಿ ಮರಕ್ಕೆ ‘ಪೂ’, ಹುಡುಗನಿಗೆ ‘ಪೊಯ್ಕ’ ಎಂದರೆ, ಹಂಗೇರಿಯನ್ನಿನಲ್ಲಿ ‘ಫ’, ‘ಫಿಯೂ’ ಎನ್ನುತ್ತಾರೆ. ಮೀನು ಅಲ್ಲಿ ‘ಕಲ’, ಇಲ್ಲಿ ‘ಹಲ್’. ಮೂರು ಅಲ್ಲಿ ‘ಕೊಲ್ಮೆ’, ಇಲ್ಲಿ ‘ಹಾರೊಮ್’. ಆದರೆ ಕೈಯನ್ನು ಹೇಳುವ ‘ಕ್ಯಾಸಿ’ಗೆ ಹಂಗೇರಿಯನ್ ಪದ ‘ಕೇಜ಼್’, ಅಂದರೆ ಇಲ್ಲಿ ಕಕಾರ ಬದಲಾಗಿಲ್ಲ. ಕಾರಣ, ಅದರ ಮುಂದಿರುವ ಸ್ವರ ಬಾಯಿಯ ಮುಂಭಾಗದಲ್ಲಿ ಹುಟ್ಟುವಂಥದು. ನಮ್ಮ ‘ಕಿವಿ’ ತಮಿಳಿನಲ್ಲಿ ‘ಚೆವಿ’ಯಾದರೂ ‘ಕೈ’ ಎರಡರಲ್ಲಿಯೂ ಕೈಯಾಗಿಯೇ ಇರುವುದನ್ನು ನೆನೆದರೆ, ವ್ಯಂಜನದ ಗತಿಯನ್ನು ಸ್ವರ ನಿರ್ಧರಿಸುವ ಬಗೆ ಮನದಟ್ಟಾಗುತ್ತದೆ.

ಹೀಗೆ ಹಂಗೇರಿಯನ್ ಯುರಾಲಿಕ್ ಕುಲದ ಭಾಷೆಯೆಂದು ಸಿದ್ಧವಾಗಿದೆ. ಅದಕ್ಕೆ ಅತಿ ಹತ್ತಿರದವು ಪಶ್ಚಿಮ ಸೈಬೀರಿಯಾದ ಓಬ್ ನದಿಯ ಆಸುಪಾಸಿನ ಮಾನ್ಸಿ ಮತ್ತು ಖಾಂತಿ. ಫಿನ್ನಿಶ್, ಎಸ್ಟೋನಿಯನ್, ಸಾಮಿ ದೂರದ ಬಂಧುಗಳು. 895ರ ಸುಮಾರಿಗೆ ಮಗ್ಯಾರರು, ಅಂದರೆ ಹಂಗೇರಿಯನ್ನರು, ಕಾರ್ಪೇಥಿಯನ್ ಪರ್ವತಗಳನ್ನು ದಾಟಿ ಈಗಿನ ನೆಲೆಗೆ ಬಂದರು.

ಈ ನಂಟು ಬೆಳಕಿಗೆ ಬಂದ ಬಗೆ ನನಗೆ ಬಹಳ ಪ್ರಿಯವಾದ ಸಂಗತಿ. 1769ರಲ್ಲಿ ಶುಕ್ರಸಂಕ್ರಮವನ್ನು, ಅಂದರೆ ಶುಕ್ರಗ್ರಹ ಸೂರ್ಯನ ಮುಂದೆ ಹಾದುಹೋಗುವುದನ್ನು, ನೋಡಲು ನಾರ್ವೆಯ ವಾರ್ಡೊ ದ್ವೀಪಕ್ಕೆ ಹೋದ ಹಂಗೇರಿಯ ಪಾದ್ರಿ ಯಾನೋಶ್ ಶೈನೊವಿಚ್, ಅಲ್ಲಿಯ ಸಾಮಿ ಭಾಷೆಯನ್ನು ತನ್ನ ತಾಯ್ನುಡಿಯೊಡನೆ ಹೋಲಿಸಿ, ಮರುವರ್ಷವೇ ಗ್ರಂಥವೊಂದನ್ನು ಪ್ರಕಟಿಸಿದ. ವೀರಯೋಧರ ವಂಶವನ್ನು ಬಯಸುತ್ತಿದ್ದ ಅವನ ನಾಡಿನ ಹಲವರು ‘ಇದು ಮೀನು ನಾರುವ ನೆಂಟಸ್ತನ’ ಎಂದು ಜರೆದರು. ತುರ್ಕಿಯ ಕುಲವೇ ತಮ್ಮದೆಂಬ ವಾದ ಮುಂದೆ ಬಹುಕಾಲ ನಡೆಯಿತು. ಸೇಬಿಗೆ ‘ಅಲ್ಮ’, ಹೋರಿಗೆ ‘ಬಿಕ’ ಎಂಬ ತುರ್ಕಿಕ್ ಮೂಲದ ಪದಗಳು ಅದರಲ್ಲಿರುವುದು ನಿಜವಾದರೂ ಅವು ಎರವಲು. ಮಂಡ್ಯದ ರೈತರು ನಿತ್ಯ ಆಡುವ ‘ಜಮೀನು’, ‘ತಾಲ್ಲೂಕು’ ಪದಗಳಿಂದ ಕನ್ನಡವು ಪರ್ಷಿಯನ್ನಿನ ಅಥವಾ ಅರಬ್ಬಿಯ ಮಗಳಾಗುವುದಿಲ್ಲವಷ್ಟೆ. ನೂರಕ್ಕೆ ಹಂಗೇರಿಯನ್ನರು ಹೇಳುವ ‘ಸಾಜ಼್’ ಕೂಡ ಹುಲ್ಲುಗಾವಲಿನ ಇಂಡೋ-ಇರಾನಿಯನ್ ನೆರೆಯವರಿಂದ ಪಡೆದದ್ದು. ಸಂಸ್ಕೃತದ ‘ಶತ’ ಅದೇ ಮೂಲದ್ದು.

ಇನ್ನು ಕನ್ನಡದ ಮಾತು. ದ್ರಾವಿಡ ಭಾಷೆಗಳಿಗೂ ಯುರಾಲಿಕ್ ಗುಂಪಿಗೂ ನಂಟಿರಬಹುದೆಂದು 1856ರಲ್ಲಿಯೇ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ ಬರೆದ ಕಾಲ್ಡ್‌ವೆಲ್ ಸೂಚಿಸಿದ್ದರು. ಆದರೆ ಪುಲಿ-ಹುಲಿ, ಕಲ-ಹಲ್‌ಗಳಂಥ ನಿಯಮಬದ್ಧ ಜೋಡಿಗಳ ಸಾಲನ್ನು ಆ ಎರಡು ಕುಲಗಳ ನಡುವೆ ಭಾಷಾವಿಜ್ಞಾನಿಗಳೆಲ್ಲರೂ ಒಪ್ಪುವಂತೆ ಇದುವರೆಗೆ ಯಾರೂ ತೋರಿಸಿಕೊಟ್ಟಿಲ್ಲ.