ಹೌದು ತಮ್ಮಾ, ನೀನೇ ಎತ್ತಬೇಕು

ನಿನ್ನ ಪತ್ರ ಓದಿದೆ ತಮ್ಮಾ. ಬಳ್ಳಾರಿಯಿಂದ ಇಂಗ್ಲೆಂಡಿನ ಲೀಡ್ಸ್‌ಗೆ ಓದಲು ಬಂದಿದ್ದೀಯ. ರೂಮು ಕೊಟ್ಟ ಅಜ್ಜಿಗೆ ಮಂಡಿನೋವು, ಅವರ ನಾಯಿಯನ್ನು ದಿನಾ ಸಂಜೆ ಸುತ್ತಾಡಿಸಿಕೊಂಡು ಬರುತ್ತೇನೆ ಅಂತ ಒಪ್ಪಿಕೊಂಡಿದ್ದೀಯ. ಅವರು ಕಪ್ಪು ಚೀಲದ ಸುರುಳಿ ಕೈಗಿಟ್ಟಾಗ ಹೊಟ್ಟೆ ತೊಳೆಸಿತು ಅಂತ ಬರೆದಿದ್ದೀಯ. ನಾಯಿ ಕಕ್ಕವನ್ನು ನಾನು ಕೈಯಿಂದ ಎತ್ತಬೇಕಾ? ಇಲ್ಲಿ ದಿನಾ ಮಳೆ, ತೊಳೆದು ಹೋಗುವುದಿಲ್ಲವಾ? ಸಗಣಿ ಹಾಗೆ ಗೊಬ್ಬರ ಆಗುವುದಿಲ್ಲವಾ? ಮೂರೂ ಒಳ್ಳೆಯ ಪ್ರಶ್ನೆಗಳೇ.

ಕಾನೂನಿನ ಮಾತು ಮೊದಲು ಮುಗಿಸೋಣ. ಸಾಕಿದವರು ಅಜ್ಜಿ ಇರಬಹುದು, ಆದರೆ ಆ ಹೊತ್ತಿಗೆ ಬೆಲ್ಟು ಹಿಡಿದವನು ನೀನು. ಹಾಗಾಗಿ ಜವಾಬ್ದಾರಿ ನಿನ್ನದೇ. ದಂಡ ಒಂದೊಂದು ಕೌನ್ಸಿಲ್‌ನಲ್ಲಿ, ಅಂದರೆ ಅಲ್ಲಿನ ಸ್ಥಳೀಯ ಆಡಳಿತದಲ್ಲಿ, ಒಂದೊಂದು ಥರ, ಹೆಚ್ಚಾಗಿ 100 ಪೌಂಡ್. ಕಟ್ಟುವುದಿಲ್ಲ ಅಂತ ಕೂತರೆ ಕೋರ್ಟಿನಲ್ಲಿ 1,000 ಪೌಂಡ್‌ವರೆಗೂ ಆಗಬಹುದು. ಚೀಲ ಮರೆತು ಬಂದೆ ಅಂದರೆ ಯಾರೂ ಕೇಳುವುದಿಲ್ಲ. ಕೆಲವು ಕಡೆ ಚೀಲ ಜೇಬಿನಲ್ಲಿ ಇರಲೇಬೇಕು, ಅಧಿಕಾರಿ ಕೇಳಿದರೆ ತೋರಿಸಬೇಕು. ಹಾಗೇ ಇನ್ನೊಂದು: ಪಕ್ಕದ ಮನೆಯವರು ‘ದುಡ್ಡು ಕೊಡುತ್ತೇವೆ, ನಮ್ಮ ನಾಯಿಯನ್ನೂ ಕರೆದುಕೊಂಡು ಹೋಗು’ ಅಂದರೆ ಒಪ್ಪಬೇಡ. ಸ್ಟೂಡೆಂಟ್ ವೀಸಾದಲ್ಲಿ ಸ್ವಯಂ ಉದ್ಯೋಗ ಮಾಡುವಂತಿಲ್ಲ.

ಈಗ ಸಗಣಿ ಮಾತು. ಅಂಗಳಕ್ಕೆ ಸಗಣಿ ನೀರು ಚಿಮುಕಿಸಿ, ಗೋಡೆಗೆ ಕುಳ್ಳು ತಟ್ಟಿ ಬೆಳೆದವರು ನಾವು. ಹಾಗಾಗಿ ಈ ಲೆಕ್ಕ ತಲೆಗೆ ಬರುವುದು ಸಹಜ. ಆದರೆ ಹಸು ಹುಲ್ಲು ತಿನ್ನುತ್ತದೆ, ನಾಯಿ ಮಾಂಸ ತಿನ್ನುತ್ತದೆ. ನಾಯಿಯ ಹೊಟ್ಟೆಯಲ್ಲಿ ಟಾಕ್ಸೊಕಾರಾ ಅನ್ನುವ ದುಂಡು ಹುಳ ಇರಬಹುದು. ಅದರ ಮೊಟ್ಟೆಗಳು ಕಕ್ಕದ ಜೊತೆ ಮಣ್ಣಿಗೆ ಬೀಳುತ್ತವೆ. ಮಳೆ ಬಂದರೆ ಕಕ್ಕ ಕರಗಿ ಕಣ್ಣಿಗೆ ಕಾಣದಂತಾಗುತ್ತದೆ ಅಷ್ಟೇ, ಮೊಟ್ಟೆ ಎಲ್ಲೂ ಹೋಗುವುದಿಲ್ಲ. ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಅಲ್ಲೇ ಇರುತ್ತದೆ. ಅದೇ ಹುಲ್ಲಿನಲ್ಲಿ ಆಡಿದ ಮಗು ಕೈ ತೊಳೆಯದೆ ಬಾಯಿಗಿಟ್ಟರೆ ಮುಗೀತು. ಹುಳದ ಮರಿ ಮೈಯೊಳಗೆ ಅಲೆಯುತ್ತದೆ. ಅಪರೂಪಕ್ಕಾದರೂ ಕಣ್ಣಿಗೆ ಹೋಗಿ ಕೂತರೆ ದೃಷ್ಟಿಯೇ ಹೋಗಬಹುದು.

ಇಲ್ಲಿ ಒಂದು ವಿಷಯ ನೀನು ಗಮನಿಸಬೇಕು. ಈ ಮೊಟ್ಟೆ ಬಿದ್ದ ದಿನವೇ ಸೋಂಕು ಹಚ್ಚುವುದಿಲ್ಲ. ಅದಕ್ಕೆ ಮಣ್ಣಿನಲ್ಲಿ ಸಾಮಾನ್ಯವಾಗಿ ಎರಡು ಮೂರು ವಾರ ಬೇಕು. ಅಂದರೆ ನಿನಗೆ ಅಸಹ್ಯ ಅನ್ನಿಸುವ ಆ ಬಿಸಿ ಬಿಸಿ ಕಕ್ಕವನ್ನು ಆಗಲೇ ಎತ್ತಿದರೆ ಈ ಹುಳದ ಭಯವೇ ಇಲ್ಲ. ಬಿಟ್ಟು ಬಂದರೆ ಮುಂದಿನ ತಿಂಗಳು ಯಾರದೋ ಮಗುವಿಗೆ ಅಪಾಯ.

ಭಾನುವಾರ ಊರಾಚೆ ಹೊಲಗಳ ನಡುವಿನ ಕಾಲುದಾರಿಯಲ್ಲಿ ಹೋಗುತ್ತೀಯಲ್ಲ, ಅಲ್ಲೂ ಬಿಡಬೇಡ. ನಾಯಿ ಕಕ್ಕದಿಂದ ಹರಡುವ ನಿಯೋಸ್ಪೋರಾ ಅನ್ನುವ ಜೀವಿ ಹಸುಗಳಿಗೆ ಗರ್ಭ ಇಳಿಸುತ್ತದೆ. ಗಬ್ಬದ ಹಸು ಕಂದು ಹಾಕಿದರೆ ರೈತನ ಮನೆಯಲ್ಲಿ ಏನಾಗುತ್ತದೆ ಅಂತ ನಿನಗೆ ಬಿಡಿಸಿ ಹೇಳಬೇಕಾಗಿಲ್ಲ.

ಎತ್ತುವುದು ಹೇಗೆ ಅಂದರೆ, ನಾಯಿ ನಿಂತಲ್ಲೇ ಸುತ್ತು ಹೊಡೆಯಲು ಶುರು ಮಾಡಿದಾಗಲೇ ಚೀಲ ಬಿಡಿಸಿಕೋ. ಬೆಲ್ಟು ಮಣಿಕಟ್ಟಿಗೆ ಹಾಕಿಕೋ. ಚೀಲವನ್ನು ಒಳಗಿನಿಂದ ಕೈಗೆ ಗವಸಿನ ಹಾಗೆ ತೊಡು, ಹಿಡಿ, ಹಾಗೇ ಮಗುಚಿ ಗಂಟು ಹಾಕು. ಮುಗೀತು. ಬಿಸಿ ಅಂಗೈಗೆ ತಾಗುತ್ತದೆ, ಮೊದಲ ವಾರ ಕಷ್ಟ, ಆಮೇಲೆ ಮಗುವಿನ ಬಟ್ಟೆ ಬದಲಿಸಿದಷ್ಟೇ ಸಲೀಸು. ಅಕ್ಟೋಬರ್‌ನಲ್ಲಿ ಎಲೆ ಉದುರಿದಾಗ ಬಿದ್ದ ಜಾಗದಿಂದ ಕಣ್ಣು ತೆಗೆಯಬೇಡ, ಎಲೆಯೂ ಅದೂ ಒಂದೇ ಬಣ್ಣ. ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಗೆ ಮೊದಲೇ ಸೂರ್ಯ ಮುಳುಗುತ್ತಾನೆ, ಫೋನಿನ ಟಾರ್ಚ್ ಬೇಕೇ ಬೇಕು. ಗಂಟು ಹಾಕಿದ ಚೀಲವನ್ನು ಕೆಲವರು ಬೇಲಿಗೆ ನೇತು ಹಾಕಿ ಹೋಗುತ್ತಾರೆ. ಅದು ಎತ್ತದೇ ಇರುವುದಕ್ಕಿಂತ ಕೆಟ್ಟದ್ದು, ಪ್ಲಾಸ್ಟಿಕ್ಕೂ ಸೇರಿತಲ್ಲ. ಬಹಳಷ್ಟು ಕಡೆ ಬೀದಿಯ ಮಾಮೂಲಿ ಕಸದ ಡಬ್ಬಿಗೇ ಹಾಕಬಹುದು.

‘ಇವರಿಗೆಲ್ಲ ಹುಟ್ಟಿನಿಂದಲೇ ಶಿಸ್ತು’ ಅಂತ ಬರೆದಿದ್ದೀಯ. ಹಾಗೇನಿಲ್ಲ. ನ್ಯೂಯಾರ್ಕ್‌ನಲ್ಲಿ 1978ರಲ್ಲಿ ಕಾನೂನು ಬಂದ ಮೇಲೇ ಜನ ಬಗ್ಗಿದ್ದು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಇದಕ್ಕೆಂದೇ ಒಂದು ಕಾಯ್ದೆ ಬಂದದ್ದು 1996ರಲ್ಲಿ. ಈಗಲೂ ಎತ್ತದೆ ಹೋಗುವವರು ಇದ್ದಾರೆ. ಆದರೆ ಅಕ್ಕಪಕ್ಕದವರು ಸುಮ್ಮನೆ ಬಿಡುವುದಿಲ್ಲ. ಅದು ನನಗೆ ಇಷ್ಟ.

ನಿನ್ನ ಪತ್ರದಲ್ಲಿ ನನಗೆ ಚುಚ್ಚಿದ್ದು ‘ಊರಲ್ಲಾದರೆ ಇದಕ್ಕೆಲ್ಲ ಬೇರೆಯವರು ಇರುತ್ತಾರೆ’ ಅನ್ನುವ ಸಾಲು. ಯಾರು ತಮ್ಮಾ ಆ ಬೇರೆಯವರು? ಗಾಂಧಿನಗರದಲ್ಲಿ ಬೆಳಗಿನ ಜಾವ ಲ್ಯಾಬ್ರಡಾರ್ ಹಿಡಿದು ಹೊರಟವರು ಖಾಲಿ ಸೈಟ್ ಹತ್ತಿರ ಅಥವಾ ಇನ್ನೊಬ್ಬರ ಗೇಟಿನ ಮುಂದೆ ನಿಲ್ಲಿಸುತ್ತಾರೆ. ಆ ಮನೆಯ ಹೆಂಗಸು ಬರಿಗಾಲಲ್ಲಿ ಬಂದು ಕಸ ಗುಡಿಸಿ ನೀರು ಹಾಕಿ ರಂಗೋಲಿ ಬಿಡಬೇಕು. ಪೊರಕೆ ತುದಿಗೆ ಮೊದಲು ಸಿಗುವುದು ಅದು. ಇಲ್ಲದಿದ್ದರೆ ಪೌರಕಾರ್ಮಿಕರ ಕೈಗೆ, ಎಷ್ಟೋ ಸಲ ಗವಸು ಇಲ್ಲದ ಕೈಗೆ. ನಾಯಿ ಕಕ್ಕ ಯಾರದೋ ಒಬ್ಬರ ಕೈಯಿಂದ ಹೋಗಲೇಬೇಕು. ನಾಯಿಯನ್ನು ಮುದ್ದು ಮಾಡುವ ಕೈ ಯಾವುದೋ ಅದೇ ಕೈ ಎತ್ತಲಿ ಅನ್ನುವುದಷ್ಟೇ ನನ್ನ ಮಾತು. ಆ ಹೆಂಗಸಿಗೂ ಆ ಪೌರಕಾರ್ಮಿಕರಿಗೂ ನಿನಗೆ ಬಂದಂಥ ವಾಕರಿಕೆಯೇ ಬರುತ್ತದೆ, ಅಲ್ವಾ? ಅವರಿಗೆ ಬೇಡ ಅನ್ನುವ ಅವಕಾಶ ಇಲ್ಲ, ಅಷ್ಟೇ.

ನಿನ್ನ ತಂಗಿಯೂ ಮನೆಗೆ ಮರಿ ತಂದಿದ್ದಾಳೆ ಅಂದೆಯಲ್ಲ. ಅವಳಿಗೆ ಹೇಳು: ಹಳೆ ಪೇಪರು, ಒಂದು ಸಣ್ಣ ತಗಡು ಜೊತೆಗಿರಲಿ. ಎತ್ತಿದ್ದನ್ನು ಮನೆಗೆ ತಂದು ಪಾಯಿಖಾನೆಗೆ ಹಾಕಿ ನೀರು ಬಿಡಲಿ, ಪೇಪರು ಮಾತ್ರ ಒಳಗೆ ಹಾಕದಿರಲಿ. ಹಾಗೆ ಮಾಡಿದರೆ ಕಸದ ಗಾಡಿಯವರೂ ಮುಟ್ಟಬೇಕಾಗಿಲ್ಲ. ಮಳೆಗಾಲದಲ್ಲಿ ಇನ್ನೂ ಹುಷಾರು. ಕೊಕ್ಕೆಹುಳದ ಮರಿ ಒದ್ದೆ ಮಣ್ಣಿನಿಂದ ಬರಿಗಾಲಿನ ಚರ್ಮದೊಳಗೇ ಇಳಿಯುತ್ತದೆ. ಇನ್ನು ಮರಿಗೆ ಜಂತುಹುಳದ ಔಷಧಿ ಕುಡಿಸಿದ್ದಾರಾ ಅಂತ ಇವತ್ತೇ ಫೋನ್ ಮಾಡಿ ಕೇಳು. ದುಂಡು ಹುಳ ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಮರಿಗೆ ಅಂಟಿಕೊಂಡು ಬಂದಿರುತ್ತದೆ. ನೋಡೋಕೆ ಆರೋಗ್ಯವಾಗಿದೆ ಅಂತ ಬಿಡಬಾರದು. ಎಷ್ಟು ದಿನಕ್ಕೊಮ್ಮೆ, ಎಷ್ಟು ಕೊಡಬೇಕು ಅಂತ ಪಶು ಆಸ್ಪತ್ರೆಯಲ್ಲಿ ತೂಕ ನೋಡಿ ಹೇಳುತ್ತಾರೆ.