ಬೀದಿಯಲ್ಲಿ ನಿಂತು ನೋಡಿದ ಕುಸ್ತಿ

ಪತ್ರ: "ಹಲ್ಕ್ ಹೋಗನ್ ತೀರಿಕೊಂಡಾಗ ನಿಮ್ಮ ಪತ್ರಿಕೆಯಲ್ಲಿ ಬಂದ ಬರಹದಲ್ಲಿ ಅವರನ್ನು 'ವೃತ್ತಿ ಕುಸ್ತಿಯ ದೊಡ್ಡ ತಾರೆಗಳಲ್ಲಿ ಒಬ್ಬರು' ಎಂದಿದ್ದೀರಿ. 'ಒಬ್ಬರು' ಯಾಕೆ ಸಾರ್? ಅವರೇ ಎಲ್ಲರಿಗಿಂತ ದೊಡ್ಡವರು. 1987ರಲ್ಲಿ ಅವರ ಒಂದು ಕುಸ್ತಿಗೆ 93,173 ಜನ ಸೇರಿದ್ದರು. ನನ್ನ ತಮ್ಮ 'ದಿ ರಾಕ್' ಅಂತಾನೆ, ಮತ್ತೆ ಇದೆಲ್ಲ ಬರೀ ನಾಟಕ ಅಂತಾನೂ ಅಂತಾನೆ. ಅಪ್ಪ ದಾರಾ ಸಿಂಗ್ ಅಂತಾರೆ, ಅವರ ಮಾತು ಬಿಡಿ. ಮೂರು ವಾರದಿಂದ ಮನೆಯಲ್ಲಿ ಇದೇ ಜಗಳ. ದಯವಿಟ್ಟು ಒಂದೇ ಒಂದು ಹೆಸರು ಹೇಳಿ."
(ಓದುಗರು, ದಾವಣಗೆರೆ)

ಸಂಪಾದಕರ ಉತ್ತರ:

ಒಂದೇ ಹೆಸರು ಕೇಳಿದ್ದೀರಿ. ಹೇಳುತ್ತೇನೆ: ಜಪಾನಿನ ರಿಕಿಡೋಜಾನ್.

ಈ ಹೆಸರನ್ನು ನೀವು ಕೇಳಿರಲಿಕ್ಕಿಲ್ಲ. ಅದು ನಿಮ್ಮ ತಪ್ಪಲ್ಲ. ನಮ್ಮ ಕಡೆ ಈ ಆಟ ಬಂದಿದ್ದೇ ಅಮೆರಿಕದ ಕೇಬಲ್ ಟಿವಿಯಿಂದ. ಅದು ತೋರಿಸಿದವರನ್ನು ನಾವು ನೋಡಿದೆವು. ತೋರಿಸದವರು ನಮ್ಮ ಪಾಲಿಗೆ ಹುಟ್ಟಲೇ ಇಲ್ಲ.

ಮೊದಲು ಹೋಗನ್‌ಗೆ ಸಲ್ಲಬೇಕಾದ್ದು ಸಲ್ಲಲಿ. 1984ರ ಜನವರಿ 23ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಅವರು ಐರನ್ ಶೇಖ್‌ನನ್ನು ಸೋಲಿಸಿ ಪಟ್ಟ ಗೆದ್ದರು. ಅಮೆರಿಕದ ಕುಸ್ತಿ ವ್ಯಾಪಾರ ಅಲ್ಲಿಂದಲೇ ಬದಲಾಯಿತು. 1988ರ ಫೆಬ್ರವರಿಯಲ್ಲಿ ಆಂಡ್ರೆ ದಿ ಜೈಂಟ್ ಜೊತೆಗಿನ ಅವರ ಪಂದ್ಯವನ್ನು 3 ಕೋಟಿ 30 ಲಕ್ಷ ಜನ ಟಿವಿಯಲ್ಲಿ ನೋಡಿದರು. ಆ ದೇಶದಲ್ಲಿ ಅಷ್ಟು ಜನ ಟಿವಿಯಲ್ಲಿ ನೋಡಿದ ಕುಸ್ತಿ ಬೇರೊಂದಿಲ್ಲ. ನಾನು ಹಾಸ್ಟೆಲ್‌ನಲ್ಲಿದ್ದಾಗ ನಮ್ಮ ಹಾಸಿಗೆಯ ಕೆಳಗೆ ಟ್ರಂಪ್ ಕಾರ್ಡ್‌ಗಳ ಕಟ್ಟು ಇರುತ್ತಿತ್ತು. ಎತ್ತರ, ತೂಕ, ಎದೆಯ ಸುತ್ತಳತೆ ನೋಡಿ ಆಡುತ್ತಿದ್ದೆವು. ಹೋಗನ್ ಕಾರ್ಡು ಕೈಗೆ ಬಂದರೆ ಮುಖ ಅರಳುತ್ತಿತ್ತು. ಅಂಡರ್‌ಟೇಕರ್‌ಗೆ ಏಳು ಜೀವ ಇದೆ ಎಂದು ನಾವೆಲ್ಲ ನಿಜವಾಗಿಯೂ ನಂಬಿದ್ದೆವು. ಆ ಪ್ರೀತಿಯನ್ನು ನಾನು ಇವತ್ತೂ ಬಿಟ್ಟುಕೊಡುವುದಿಲ್ಲ. ನಿಮ್ಮ ತಮ್ಮನಿಗೂ ಹೇಳಿ, ರಾಕ್ ಮೈಕ್ ಹಿಡಿದರೆ ಎದುರು ನಿಲ್ಲುವವರು ಕಡಿಮೆ.

ಆದರೆ ಆ 93,173 ಇದೆಯಲ್ಲ, ಅದು ಕುಸ್ತಿ ನಡೆಸಿದ ಕಂಪನಿಯೇ ಘೋಷಿಸಿದ ಸಂಖ್ಯೆ. ಲೆಕ್ಕ ಕೆದಕಿದವರು ಅಷ್ಟು ಜನ ಇರಲಿಲ್ಲ ಎಂದು ಬಹಳ ವರ್ಷಗಳಿಂದ ಹೇಳುತ್ತಿದ್ದಾರೆ. ಹೋಗಲಿ, ಇದ್ದರು ಎಂದೇ ಇಟ್ಟುಕೊಳ್ಳೋಣ. ಜನ ಸೇರಿದ ಲೆಕ್ಕವೇ ಅಳತೆಗೋಲಾದರೆ 1995ರ ಏಪ್ರಿಲ್‌ನಲ್ಲಿ ಉತ್ತರ ಕೊರಿಯಾದ ಪ್ಯೊಂಗ್‌ಯಾಂಗ್‌ನಲ್ಲಿ ಎರಡು ದಿನ ನಡೆದ ಕುಸ್ತಿಗೆ ದಿನಕ್ಕೆ ಒಂದು ಲಕ್ಷಕ್ಕೂ ಮೀರಿ ಜನ ಬಂದರು ಎಂದು ಘೋಷಿಸಿದ್ದರು. ಅವರನ್ನು ಸರ್ಕಾರವೇ ಕರೆತಂದಿತ್ತು. ಅಲ್ಲಿ ಕಣಕ್ಕಿಳಿದವರನ್ನು ಹಾಗಾದರೆ ಹೋಗನ್‌ಗಿಂತ ದೊಡ್ಡವರು ಅನ್ನೋಣವೇ? ತಲೆ ಎಣಿಸಿ ತಾರೆಯನ್ನು ಅಳೆಯಲಾಗದು.

ನಾನು ಅಳೆಯುವುದು ಬೇರೆ ಥರ. ಅದನ್ನು ಕಲಿಸಿದ್ದು ನಮ್ಮ ಅಜ್ಜಿ.

1987ರಲ್ಲಿ ನಮ್ಮ ಬೀದಿಗೆಲ್ಲ ಇದ್ದದ್ದು ಒಂದೇ ಟಿವಿ. ಭಾನುವಾರ ಬೆಳಿಗ್ಗೆ ರಾಮಾಯಣ ಬರುವ ಹೊತ್ತಿಗೆ ಆ ಮನೆಯ ಪಡಸಾಲೆ ತುಂಬಿ, ಜಗಲಿ ತುಂಬಿ, ಉಳಿದವರು ಕಿಟಕಿಯ ಸರಳು ಹಿಡಿದು ಬೀದಿಯಲ್ಲೇ ನಿಲ್ಲುತ್ತಿದ್ದರು. ಅಜ್ಜಿಗೆ ಹಿಂದಿಯ ಒಂದು ಪದವೂ ಬರುತ್ತಿರಲಿಲ್ಲ. ಹನುಮಂತ ತೆರೆಯ ಮೇಲೆ ಬಂದ ಕೂಡಲೇ ಕೈ ಮುಗಿಯುತ್ತಿದ್ದರು. ಪಕ್ಕದಲ್ಲಿ ನಿಂತಿದ್ದ, ಹರೆಯದಲ್ಲಿ ಗರಡಿಯ ಮಣ್ಣು ಮೆತ್ತಿಕೊಂಡಿದ್ದ ಒಬ್ಬ ಹಿರಿಯರು ಪ್ರತಿ ವಾರವೂ ಅದೇ ಮಾತು ಹೇಳುತ್ತಿದ್ದರು: "ಇವನೇ ಕಣಮ್ಮಾ ಕಿಂಗ್‌ಕಾಂಗ್‌ನ ಎತ್ತಿ ಒಗೆದವನು." ಕಿಂಗ್‌ಕಾಂಗ್ ಎಂದರೆ ಆ ಹೆಸರಿನ ಒಬ್ಬ ದೈತ್ಯ ಪೈಲ್ವಾನ. ಹನುಮಂತನ ಪಾತ್ರ ಮಾಡಿದ್ದ ದಾರಾ ಸಿಂಗ್‌ಗೆ ಆಗ ಅರವತ್ತರ ಹತ್ತಿರ ವಯಸ್ಸು. ಕುಸ್ತಿ ಬಿಟ್ಟು ವರ್ಷಗಳಾಗಿದ್ದವು. ಆದರೂ ಆ ಕಿಟಕಿಯ ಹೊರಗೆ ನಿಂತವರಿಗೆ ಅವರು ಪೈಲ್ವಾನರೂ ಹೌದು, ದೇವರೂ ಹೌದು.

ಕುಳಿತುಕೊಳ್ಳಲು ಜಾಗ ಇಲ್ಲದಿದ್ದರೂ ಜನ ಯಾರಿಗಾಗಿ ನಿಂತೇ ನೋಡುತ್ತಾರೋ ಅವನೇ ತಾರೆ ಎಂದು ನಾನು ನಂಬಿದ್ದು ಅಲ್ಲಿಂದ. ಈಗ ಅಲ್ಲಿಂದ ಟೋಕಿಯೋಗೆ ಬನ್ನಿ.

1954ರ ಫೆಬ್ರವರಿ 19. ಜಪಾನ್ ಯುದ್ಧ ಸೋತು ಒಂಬತ್ತು ವರ್ಷವೂ ತುಂಬಿರಲಿಲ್ಲ. ಅಮೆರಿಕದ ಸೇನಾ ಆಡಳಿತ ಮುಗಿದು ಎರಡು ವರ್ಷವೂ ಆಗಿರಲಿಲ್ಲ. ಟಿವಿ ಶುರುವಾಗಿ ಒಂದೇ ವರ್ಷ. ಸಾಮಾನ್ಯ ಸಂಬಳದವರು ಅದನ್ನು ಕೊಳ್ಳುವ ಮಾತೇ ಇರಲಿಲ್ಲ. ಹಾಗಾಗಿ ಖಾಸಗಿ ವಾಹಿನಿಯೊಂದು ಬೀದಿ ಬೀದಿಗಳಲ್ಲಿ, ರೈಲು ನಿಲ್ದಾಣಗಳ ಮುಂದೆ ಟಿವಿ ಇಟ್ಟಿತ್ತು. ಆ ಸಂಜೆ ಶಿಂಬಾಶಿ ನಿಲ್ದಾಣದ ಎದುರಿನ ಬಯಲಿನಲ್ಲಿ ಸಾವಿರಾರು ಜನ ಒಂದು ಪುಟ್ಟ ಪೆಟ್ಟಿಗೆಯತ್ತ ಕತ್ತು ಚಾಚಿ ನಿಂತಿದ್ದರು. ಫೋಟೋ ನೋಡಿದ್ದೇನೆ. ಬರೀ ತಲೆಗಳ ಸಮುದ್ರ. ನಮ್ಮ ಬೀದಿಯ ಆ ಕಿಟಕಿಯೇ ನೂರು ಪಟ್ಟು ದೊಡ್ಡದಾಗಿ ಕಂಡಿತು ನನಗೆ.

ಕುಸ್ತಿ ಜೋಡಿಗಳದ್ದು. ಒಂದು ಕಡೆ ಶಾರ್ಪ್ ಸಹೋದರರು, ಬೆನ್ ಮತ್ತು ಮೈಕ್. ಬಾಗಿಲಿನಷ್ಟು ಎತ್ತರದ ಬಿಳಿಯರು. ಇನ್ನೊಂದು ಕಡೆ ಜೂಡೋ ವೀರ ಮಸಾಹಿಕೊ ಕಿಮುರಾ ಮತ್ತು ಮಾಜಿ ಸೂಮೋ ಪಟು ರಿಕಿಡೋಜಾನ್. ರಿಕಿಡೋಜಾನ್ ತನಗಿಂತ ಎಷ್ಟೋ ಎತ್ತರದ ಆ ಇಬ್ಬರ ಎದೆಗೆ ಅಂಗೈಯ ಅಂಚಿನಿಂದ ಹೊಡೆಯುತ್ತಿದ್ದರು. ಕರಾಟೆ ಚಾಪ್ ಎಂದೇ ಆ ಏಟಿಗೆ ಹೆಸರು. ಒಂದೊಂದು ಏಟಿಗೂ ಆ ದೈತ್ಯರು ಹಿಂದಕ್ಕೆ ತೂರಾಡುತ್ತಿದ್ದರು. ಬೀದಿಯಲ್ಲಿ ನಿಂತವರು ಕಿರುಚುತ್ತಿದ್ದರು, ಅಳುತ್ತಿದ್ದರು. ಕುಸ್ತಿ ಕೊನೆಗೆ ಸಮ ಆಯಿತು. ಯಾರಿಗೂ ಅದರ ಚಿಂತೆ ಇರಲಿಲ್ಲ. ಒಂಬತ್ತು ವರ್ಷ ತಲೆ ತಗ್ಗಿಸಿ ನಡೆದವರು ಅವತ್ತು ತಲೆ ಎತ್ತಿ ಮನೆಗೆ ಹೋದರು.

ಅದರೊಳಗಿನ ಸಂಗತಿ ಕೇಳಿ. ಜಪಾನೀಯರು ಅಮೆರಿಕನ್ನರು ಎಂದುಕೊಂಡ ಶಾರ್ಪ್ ಸಹೋದರರು ಕೆನಡಾದವರು. ಜಪಾನಿನ ಮಾನ ಉಳಿಸಿದ ರಿಕಿಡೋಜಾನ್ ಹುಟ್ಟಿದ್ದು ಕೊರಿಯಾದಲ್ಲಿ! ಹುಟ್ಟುಹೆಸರು ಕಿಮ್ ಸಿನ್ ರಾಕ್. ಚಿಕ್ಕ ವಯಸ್ಸಿನಲ್ಲೇ ಸೂಮೋಗೆಂದು ಜಪಾನಿಗೆ ಕರೆತಂದಿದ್ದರು. ಮೇಲಿನಿಂದ ಮೂರನೆಯದಾದ ಸೆಕಿವಾಕೆ ದರ್ಜೆಯವರೆಗೆ ಏರಿದ್ದರು. 1950ರಲ್ಲಿ ತನ್ನ ಜುಟ್ಟನ್ನು ತಾನೇ ಕತ್ತರಿಸಿಕೊಂಡು ಸೂಮೋ ಬಿಟ್ಟರು. ತಾನು ಕೊರಿಯಾದವನು ಎಂಬುದನ್ನು ಬದುಕಿರುವವರೆಗೆ ಜಪಾನಿನ ಜನರ ಮುಂದೆ ಹೇಳಿಕೊಳ್ಳಲಿಲ್ಲ. ಹೇಳಿದ್ದರೆ ಆ ಜನ ಬೀದಿಯಲ್ಲಿ ನಿಲ್ಲುತ್ತಿದ್ದರೇ? ಈ ಪ್ರಶ್ನೆ ನೆನಪಾದಾಗಲೆಲ್ಲ ನನಗೆ ಹೊಟ್ಟೆಯೊಳಗೆ ಸಂಕಟವಾಗುತ್ತದೆ.

ಅವರು ಸಂತರೇನೂ ಅಲ್ಲ. ಅದೇ ವರ್ಷ ಡಿಸೆಂಬರ್‌ನಲ್ಲಿ ಜೊತೆಗಾರ ಕಿಮುರಾ ವಿರುದ್ಧವೇ ಕಣಕ್ಕಿಳಿದರು. ಸಮ ಮಾಡೋಣ ಎಂದು ಮೊದಲೇ ಮಾತಾಗಿತ್ತು, ಆತ ಮಾತು ಮುರಿದು ಹೊಡೆದ ಎಂದು ಕಿಮುರಾ ಆಮೇಲೆ ಹೇಳಿದರು. ಆ ಕಲೆ ಹಾಗೇ ಉಳಿದಿದೆ. ಆದರೆ ಜನ ಬಿಡಲಿಲ್ಲ. 1963ರ ಮೇ ತಿಂಗಳಲ್ಲಿ ಡೆಸ್ಟ್ರಾಯರ್ ಎಂಬ ಮುಸುಕಿನ ಅಮೆರಿಕನ್ ಜೊತೆ ಅವರು ಸೆಣಸಿದಾಗ ಜಪಾನಿನ ಟಿವಿ ರೇಟಿಂಗ್ ಶೇ. 64, ಅಂದರೆ ಟಿವಿ ಇದ್ದ ನೂರು ಮನೆಗಳಲ್ಲಿ 64ರಲ್ಲಿ ಅದೇ ಕುಸ್ತಿ. ಹೋಗನ್ ಆಂಡ್ರೆ ಪಂದ್ಯದ ರೇಟಿಂಗ್ ಎಷ್ಟು ಗೊತ್ತಾ? 15.2. 1963ರ ಡಿಸೆಂಬರ್ 8ರ ರಾತ್ರಿ ಟೋಕಿಯೋದ ನೈಟ್‌ಕ್ಲಬ್ ಒಂದರಲ್ಲಿ ಜಗಳವಾಗಿ ಒಬ್ಬ ರಿಕಿಡೋಜಾನ್ ಹೊಟ್ಟೆಗೆ ಚಾಕು ಹಾಕಿದ. ಒಂದು ವಾರದಲ್ಲಿ ತೀರಿಕೊಂಡರು. ವಯಸ್ಸು 39.

ಇನ್ನು ನಿಮ್ಮ ಹೋಗನ್ ವಿಷಯ. ರಿಕಿಡೋಜಾನ್ ತಯಾರು ಮಾಡಿದ ಹುಡುಗರಲ್ಲಿ ಇಬ್ಬರು ಜೈಂಟ್ ಬಾಬಾ ಮತ್ತು ಆಂಟೋನಿಯೊ ಇನೋಕಿ. ಇಬ್ಬರೂ 1972ರಲ್ಲಿ ಒಂದೊಂದು ಸಂಸ್ಥೆ ಕಟ್ಟಿದರು. ಇನೋಕಿಯ ಕಣದಲ್ಲೇ ಹೋಗನ್ ವರ್ಷಗಟ್ಟಲೆ ಆಡಿ ಪಳಗಿದ್ದು. 1983ರ ಜೂನ್‌ನಲ್ಲಿ ಟೋಕಿಯೋದಲ್ಲಿ ಹೋಗನ್ ಏಟಿಗೆ ಇನೋಕಿ ಎಚ್ಚರ ತಪ್ಪಿ ಬಿದ್ದಾಗ ಜಪಾನೇ ದಂಗಾಗಿತ್ತು. ಅದಾದ ಏಳು ತಿಂಗಳಿಗೆ ನ್ಯೂಯಾರ್ಕಿನ ಪಟ್ಟ. ಅಂದರೆ ನೀವು ಎಲ್ಲರ ಮೇಲೆ ಕೂರಿಸಿದ ಮನುಷ್ಯ ರಿಕಿಡೋಜಾನ್ ಕಟ್ಟಿದ ಮನೆಯ ಅಂಗಳ ದಾಟಿಯೇ ಬಂದವರು. ಆಗಲೇ ಹೇಳಿದ ಪ್ಯೊಂಗ್‌ಯಾಂಗ್ ಕುಸ್ತಿ ಏರ್ಪಡಿಸಿದ್ದೂ ಇದೇ ಇನೋಕಿ. ಗುರು ಸತ್ತು 31 ವರ್ಷದ ಮೇಲೆ ಗುರು ಹುಟ್ಟಿದ ನೆಲಕ್ಕೆ ಹೋಗಿ ಶಿಷ್ಯ ಕುಸ್ತಿ ಆಡಿದ.

ನನ್ನ ಪಟ್ಟಿಯಲ್ಲಿ ಎರಡನೆಯ ಹೆಸರೂ ಅಮೆರಿಕದ್ದಲ್ಲ. ಮೆಕ್ಸಿಕೋದ ಎಲ್ ಸಾಂಟೊ. ಬೆಳ್ಳಿ ಬಣ್ಣದ ಮುಸುಕು ಹಾಕಿ 1942ರಲ್ಲಿ ಕಣಕ್ಕಿಳಿದರು. ಚಿತ್ರಕಥೆ ಪುಸ್ತಕಗಳಲ್ಲಿ, 50ಕ್ಕೂ ಹೆಚ್ಚು ಸಿನಿಮಾಗಳಲ್ಲಿ ಅದೇ ಮುಸುಕು. ನಲವತ್ತು ವರ್ಷ ಜನರ ಮುಂದೆ ಅದನ್ನು ತೆಗೆಯಲಿಲ್ಲ. ಹೋಗನ್ ಪಟ್ಟ ಗೆದ್ದ ಅದೇ 1984ರ ಜನವರಿಯಲ್ಲಿ ಟಿವಿ ಕಾರ್ಯಕ್ರಮವೊಂದರಲ್ಲಿ ಒಂದು ಕ್ಷಣ ಅರ್ಧ ಮುಖ ತೋರಿಸಿದರು. ಕೆಲವೇ ದಿನಗಳಲ್ಲಿ, ಫೆಬ್ರವರಿ 5ಕ್ಕೆ ತೀರಿಕೊಂಡರು. ಮುಸುಕಿನ ಜೊತೆಗೇ ಮಣ್ಣು ಮಾಡಿದರು.

ನಿಮ್ಮ ತಮ್ಮ ಇದೆಲ್ಲ ನಾಟಕ ಎನ್ನುತ್ತಾರೆ. ಹೌದು, ಯಾರು ಗೆಲ್ಲಬೇಕು ಎಂದು ಮೊದಲೇ ತೀರ್ಮಾನವಾಗಿರುತ್ತದೆ. ಆದರೆ ಬೀಳುವ ಮೈ ನಿಜವಾಗಿಯೂ ಬೀಳುತ್ತದೆ. ಮತ್ತೆ, ಯಕ್ಷಗಾನಕ್ಕೆ ಕೂತವರಿಗೆ ಕೀಚಕ ಸಾಯುತ್ತಾನೆಂದು ಗೊತ್ತಿರುವುದಿಲ್ಲವೇ? ಗೊತ್ತಿದ್ದೂ ಬೆಳಗಿನ ಜಾವದವರೆಗೆ ಕೂರುತ್ತೇವೆ. ಭೀಮನ ವೇಷ ಹಾಕಿದವರು ಹೇಗೆ ಕೊಲ್ಲುತ್ತಾರೆ, ಕೀಚಕನಾದವರು ಹೇಗೆ ಸಾಯುತ್ತಾರೆ ಎಂದು ನೋಡಲು. ವೇಷ ಕಟ್ಟುವುದನ್ನು ಕಲೆ ಎಂದು ಗೌರವಿಸುವ ನಮ್ಮ ನಾಡಿನವರು ಕುಸ್ತಿಯ ಕಣದ ವೇಷವನ್ನು ಮಾತ್ರ ಮೋಸ ಎನ್ನುವುದು ನನಗೆ ಸರಿ ಕಾಣುವುದಿಲ್ಲ.

ಇನ್ನು ನಿಮ್ಮನ್ನು ಸ್ವಲ್ಪ ಬೈಯಬೇಕು. ಬೇಜಾರು ಮಾಡಿಕೊಳ್ಳಬೇಡಿ. "ಅಪ್ಪ ದಾರಾ ಸಿಂಗ್ ಅಂತಾರೆ, ಅವರ ಮಾತು ಬಿಡಿ" ಎಂದು ಬರೆದಿದ್ದೀರಿ. ಯಾಕೆ ಬಿಡಬೇಕು? ಇಡೀ ಪತ್ರದಲ್ಲಿ ನನಗೆ ಹೆಚ್ಚು ಬೇಕಾಗಿದ್ದೇ ಆ ಸಾಲು. ನಮ್ಮ ಬೀದಿಯ ಹಿರಿಯರು ಹೇಳುತ್ತಿದ್ದ ಕಿಂಗ್‌ಕಾಂಗ್‌ನನ್ನೇ 1955ರಲ್ಲಿ ಸೋಲಿಸಿ ರಿಕಿಡೋಜಾನ್ ಏಷ್ಯಾದ ಪಟ್ಟ ಗೆದ್ದದ್ದು. 1958ರಲ್ಲಿ ಅವರು ಲೂ ಥೆಜ್ ಎಂಬ ಅಮೆರಿಕದ ಮಹಾಮಲ್ಲನನ್ನು ಲಾಸ್ ಏಂಜಲೀಸ್‌ನಲ್ಲಿ ಮಣಿಸಿದರು. ಅದೇ ಥೆಜ್‌ರನ್ನು ದಾರಾ ಸಿಂಗ್ 1968ರಲ್ಲಿ ಮುಂಬೈಯಲ್ಲಿ ಸೋಲಿಸಿದರು. ನಿಮ್ಮ ತಂದೆ ಹೇಳಿದ ಮನುಷ್ಯ ಆ ಸಾಲಿನಲ್ಲಿ ನಿಲ್ಲುವವರೇ.

ಆದರೂ ನಾನು ದಾರಾ ಸಿಂಗ್ ಎಂದು ಹೇಳಲಾರದೆ ಹೋದೆ. ಯಾಕೆ ಗೊತ್ತಾ? ಜಪಾನಿನವರು ತಮ್ಮ ಪೈಲ್ವಾನರ ಒಂದೊಂದು ಕುಸ್ತಿಯನ್ನೂ ದಿನಾಂಕ ಹಾಕಿ ಬರೆದಿಟ್ಟರು. ಮೆಕ್ಸಿಕೋದವರು ಸಾಂಟೊ ಹುಟ್ಟಿದ ಊರಿನಲ್ಲಿ ಪ್ರತಿಮೆ ನಿಲ್ಲಿಸಿದರು. ನಾವು "ದಾರಾ ಸಿಂಗ್ ಐನೂರು ಕುಸ್ತಿ ಆಡಿದರು, ಒಂದೂ ಸೋಲಲಿಲ್ಲ" ಎಂದು ಬಾಯಲ್ಲಿ ಹೇಳುತ್ತಾ ಬಂದೆವು. ಯಾವ ಊರು, ಯಾವ ದಿನ, ಎದುರಾಳಿ ಯಾರು ಎಂದು ಕೇಳಿದರೆ ಪೂರ್ತಿ ಪಟ್ಟಿ ತೋರಿಸುವವರಿಲ್ಲ. ದಾರಾ ಸಿಂಗ್ ಗತಿಯೇ ಹೀಗಾದರೆ ಉಳಿದವರದ್ದೇನು? ಮೈಸೂರಿನಲ್ಲಿ ದಸರಾ ಕುಸ್ತಿ ಎಷ್ಟು ತಲೆಮಾರಿನಿಂದ ನಡೆದಿದೆ! ಒಂದು ಗರಡಿಮನೆಗೆ ಹೋಗಿದ್ದೆ. ಆಂಜನೇಯನ ಪಟದ ಪಕ್ಕ ಎಂಟು ಹತ್ತು ಹಳೆಯ ಪೈಲ್ವಾನರ ಫೋಟೋ ಇತ್ತು. ಎದೆ ಉಬ್ಬಿಸಿ, ಗದೆ ಹಿಡಿದು ನಿಂತವರು. ಇವರು ಯಾರು ಎಂದು ಕೇಳಿದೆ. ಅಲ್ಲಿದ್ದ ಉಸ್ತಾದರಿಗೆ ಇಬ್ಬರ ಹೆಸರು ಗೊತ್ತಿತ್ತು. ಉಳಿದವರನ್ನು "ದೊಡ್ಡ ಪೈಲ್ವಾನರಂತೆ" ಎಂದರು. ಅಷ್ಟೇ.

ನಾವು ಪತ್ರಿಕೆಯವರೂ ಇದರಲ್ಲಿ ತಪ್ಪಿತಸ್ಥರು. ಹೋಗನ್ ಸತ್ತರೆ ಎರಡು ಪುಟ ಕೊಡುತ್ತೇವೆ. ಊರಿನ ಪೈಲ್ವಾನ ಸತ್ತರೆ ಒಂದು ಸಾಲೂ ಇಲ್ಲ. ಅಮೆರಿಕದವರು ಮಾಡಿದ "ಟಾಪ್ ಹತ್ತು" ಪಟ್ಟಿಯನ್ನು ಕನ್ನಡಕ್ಕೆ ಇಳಿಸಿ ಅದನ್ನೇ ಚರಿತ್ರೆ ಎಂದು ಹಂಚುತ್ತೇವೆ. ಕುಸ್ತಿಯಲ್ಲಿ ಮಾತ್ರ ಅಲ್ಲ, ಸಿನಿಮಾ, ಸಂಗೀತ, ಅಡುಗೆ, ಎಲ್ಲದರಲ್ಲೂ ಇದೇ ಆಗಿದೆ.

ಹಾಗಾಗಿ ನಿಮಗೆ ಒಂದು ಕೆಲಸ ಹೇಳುತ್ತೇನೆ. ಈ ಭಾನುವಾರ ತಮ್ಮನ ಜೊತೆ ಜಗಳ ಬಿಡಿ. ಅಪ್ಪನ ಹತ್ತಿರ ಕೂತುಕೊಳ್ಳಿ. ದಾರಾ ಸಿಂಗ್ ಹೆಸರು ಅವರ ಕಿವಿಗೆ ಮೊದಲು ಬಿದ್ದಿದ್ದು ಯಾವಾಗ, ಯಾರು ಹೇಳಿದ್ದು, ನಿಮ್ಮೂರ ಕಣದಲ್ಲಿ ಆಗ ಯಾರ್ಯಾರು ಆಡುತ್ತಿದ್ದರು, ಯಾರು ಯಾರನ್ನು ಚಿತ್ ಮಾಡಿದರು, ಎಲ್ಲ ಕೇಳಿ. ಹೆಸರು, ಊರು, ವರ್ಷ ಬಿಡದೆ ಬರೆದು ಕಳಿಸಿ. ಎಷ್ಟು ಪುಟವಾದರೂ ಸರಿ. ಮುಂದಿನ ತಿಂಗಳು ಇದೇ ಜಾಗ ಅದಕ್ಕೆ ಇಟ್ಟಿರುತ್ತೇನೆ.